ಮುಂಗಾರಿನ ಕಡಲಿಗೆ ಕೂಡು ಕಾವಲು ಬೇಕು

2019ರ ಜೂನ್ ತಿಂಗಳಿಡೀ ಕರ್ನಾಟಕದ ರೈತರು ಮುಗಿಲು ನೋಡುತ್ತ ಕೂತಿದ್ದರು. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ಕೊಡಗಿನ ಜನ ನೆರೆಯಿಂದ ಪಾರಾಗಿ ಪರಿಹಾರ ಕೇಂದ್ರಗಳಲ್ಲಿದ್ದರು. ವರ್ಷದ ಕೊನೆಗೆ ಕೆನ್ಯಾ, ಸೊಮಾಲಿಯಾಗಳಲ್ಲಿ ಪ್ರವಾಹ. ಸಾಗರದ ಇನ್ನೊಂದು ದಡದ ಆಸ್ಟ್ರೇಲಿಯಾದಲ್ಲಿ ಬರ, ಅದರ ಬೆನ್ನಿಗೇ ಕಂಡುಕೇಳರಿಯದ ಕಾಡ್ಗಿಚ್ಚು. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ವಾಡಿಕೆಗಿಂತ ಬೆಚ್ಚಗಾಗಿ, ಇಂಡೊನೇಷ್ಯಾದ ಕಡೆಯ ನೀರು ತಣ್ಣಗಾಗಿತ್ತು. ಆಫ್ರಿಕದ ಅತಿವೃಷ್ಟಿಗೂ ಆಸ್ಟ್ರೇಲಿಯಾದ ಒಣಹವೆಗೂ ಈ ಏರುಪೇರೇ ದೊಡ್ಡ ಕಾರಣ. ನಮ್ಮ ಮುಂಗಾರಿನ ಉತ್ತರಾರ್ಧಕ್ಕೂ ಅದು ಬಲ ಕೊಟ್ಟಿತೆಂದು ಹವಾಮಾನ ತಜ್ಞರು ಹೇಳುತ್ತಾರೆ.

ಸಾಗರದ ಈ ವರ್ತನೆಗೆ ‘ಇಂಡಿಯನ್ ಓಷನ್ ಡೈಪೋಲ್’ ಎಂದು ಹೆಸರು. ಅದನ್ನು ಗುರುತಿಸಿದ ಕಥೆಯೇ ಸಹಕಾರದ ಕಥೆ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧಕ್ಕೆ ನಾಲ್ವರು ಲೇಖಕರು: ಜಪಾನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಎನ್.ಎಚ್. ಸಾಜಿ ಮತ್ತು ಪಿ.ಎನ್. ವಿನಯಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ಎನ್. ಗೋಸ್ವಾಮಿ, ಜಪಾನಿನ ತೋಶಿಯೊ ಯಮಗಾಟ. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿನಯಚಂದ್ರನ್, 2016ರ ಮಳೆಗಾಲದಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಜೊತೆ ‘ಸಿಂಧು ಸಾಧನಾ’ ಹಡಗಿನಲ್ಲಿ ಬಂಗಾಳಕೊಲ್ಲಿಗೆ ಹೋದರು. ಹಡಗು ನಮ್ಮದು, ನೀರೊಳಗೆ ತಾವೇ ಸಂಚರಿಸುವ ಗ್ಲೈಡರ್ ಯಂತ್ರಗಳನ್ನು ತಂದವರು ಅವರು.

ಇದೇನೂ ಹೊಸ ಪದ್ಧತಿಯಲ್ಲ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹತ್ತಾರು ದೇಶಗಳು ಪಾಲ್ಗೊಂಡಿದ್ದವು. ಶೀತಲ ಸಮರದ ಕಾವಿನ ನಡುವೆಯೂ ಸೋವಿಯತ್ ಒಕ್ಕೂಟದ ‘ವಿತ್ಯಾಜ್’, ಅಮೆರಿಕದ ‘ಆಂಟನ್ ಬ್ರೂನ್’, ನಮ್ಮ ನೌಕಾಪಡೆಯ ‘ಐಎನ್ಎಸ್ ಕಿಸ್ತ್ನಾ’ ಒಂದೇ ಯೋಜನೆಯಡಿ ಕಡಲನ್ನು ಅಳೆದವು. ಗೋವಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ 1966ರಲ್ಲಿ ಹುಟ್ಟಿದ್ದು ಆ ಯಾತ್ರೆಯ ಫಲವಾಗಿಯೇ.

ಕೂಡಿ ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೂ ಈ ಕಡಲೇ ಸಾಕ್ಷಿ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರದ ಬಳಿ ಭೂಮಿ ನಡುಗಿದ ಮೇಲೆ ಸುನಾಮಿ ಅಲೆಗಳು ತಮಿಳುನಾಡಿನ ತೀರ ಮುಟ್ಟಲು ಸುಮಾರು ಎರಡು ಗಂಟೆ ಹಿಡಿಯಿತು. ಶಾಂತಸಾಗರದ ದೇಶಗಳಿಗೆ 1960ರ ದಶಕದಿಂದಲೇ ಎಚ್ಚರಿಕೆ ವ್ಯವಸ್ಥೆ ಇತ್ತು. ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಯುನೆಸ್ಕೊ ನೇತೃತ್ವದಲ್ಲಿ ವ್ಯವಸ್ಥೆ ಕಟ್ಟಲಾಯಿತು. 2011ರಿಂದ ಭಾರತ, ಆಸ್ಟ್ರೇಲಿಯಾ, ಇಂಡೊನೇಷ್ಯಾ ಇಡೀ ಸಾಗರ ವಲಯಕ್ಕೆ ಎಚ್ಚರಿಕೆ ಕೊಡುತ್ತಿವೆ. ಹೈದರಾಬಾದಿನ ‘ಇನ್‌ಕಾಯಿಸ್’ ಕೇಂದ್ರದಿಂದ ಹೊರಡುವ ಸಂದೇಶವನ್ನು ಇವತ್ತು ನೆರೆಯ ದೇಶಗಳೂ ನೆಚ್ಚಿಕೊಂಡಿವೆ.

ಆದರೆ ಸುನಾಮಿಯ ಭಯಕ್ಕೆ ಬಂದಷ್ಟು ಬೇಗ, ಮಳೆಯ ಅಧ್ಯಯನಕ್ಕೆ ದುಡ್ಡೂ ಬರುವುದಿಲ್ಲ, ಗಮನವೂ ಬರುವುದಿಲ್ಲ.

ಈ ಅಧ್ಯಯನಕ್ಕೆಂದೇ ಹಿಂದೂ ಮಹಾಸಾಗರದಲ್ಲಿ, ಸಮಭಾಜಕದ ಆಸುಪಾಸಿನಲ್ಲಿ ‘ರಾಮಾ’ ಎಂಬ ತೇಲುಯಂತ್ರಗಳ ಜಾಲವೊಂದಿದೆ. 2004ರಲ್ಲಿ ಶುರುವಾದ ಈ ಜಾಲಕ್ಕೆ 46 ನೆಲೆಗಳ ಯೋಜನೆ ಹಾಕಲಾಗಿತ್ತು. ಬಹುತೇಕ ನೆಲೆಗಳಲ್ಲಿ ಆಳೆತ್ತರಕ್ಕಿಂತ ಅಗಲವಾದ ದುಂಡನೆಯ ತೇಲುಬುಂಡೆ, ಅದರ ಮೇಲೆ ಗಾಳಿ, ಮಳೆ, ಬಿಸಿಲು ಅಳೆಯುವ ಉಪಕರಣಗಳು, ಕೆಳಗೆ ಸಾವಿರಾರು ಮೀಟರ್ ಆಳದ ತಳದವರೆಗೆ ಇಳಿಬಿಟ್ಟ ಹಗ್ಗ. ಬುಂಡೆ ಕೊಚ್ಚಿಹೋಗದಂತೆ ಹಿಡಿದಿಡುವ ಲಂಗರು ಎಂದರೆ ಹಳೆಯ ರೈಲುಗಾಲಿಗಳು. ಉಪ್ಪುನೀರು ಉಪಕರಣಗಳನ್ನು ತಿನ್ನುತ್ತದೆ. ಬುಂಡೆಯ ನೆರಳಿನಲ್ಲಿ ಮೀನು ಸೇರುತ್ತದೆ, ಮೀನಿನ ಹಿಂದೆ ದೋಣಿಗಳು ಬರುತ್ತವೆ, ಉಪಕರಣಗಳು ಮುರಿಯುತ್ತವೆ, ಕಳುವಾಗುತ್ತವೆ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಹಡಗು ಹೋಗಿ ಬುಂಡೆ ಎತ್ತಿ, ಹೊಸದನ್ನು ಇಳಿಸಿ ಬರಬೇಕು. ಯಂತ್ರಗಳು ಬಹುಪಾಲು ಅಮೆರಿಕದವು. ಹಡಗು ಭಾರತದ್ದೋ ಇಂಡೊನೇಷ್ಯಾದ್ದೋ ಇನ್ನೊಂದು ದೇಶದ್ದೋ ಆಗಿರುತ್ತದೆ. ಮಾಹಿತಿ ಮಾತ್ರ ಉಪಗ್ರಹದ ಮೂಲಕ ಎಲ್ಲರಿಗೂ ಸಿಗುತ್ತದೆ.

ಈ ಏರ್ಪಾಡು ಎಷ್ಟು ನಾಜೂಕೆಂಬುದು ಮತ್ತೆ ಮತ್ತೆ ಕಂಡಿದೆ. ಸೊಮಾಲಿಯಾದ ಕಡಲ್ಗಳ್ಳರ ಕಾಟದಿಂದ ಅರಬ್ಬಿ ಸಮುದ್ರದ ಕೆಲವು ನೆಲೆಗಳು ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿದವು. ಕೋವಿಡ್ ಕಾಲದಲ್ಲಿ ಹಡಗುಗಳು ಹೊರಡದೆ ಯಂತ್ರಗಳು ಒಂದೊಂದಾಗಿ ಮೌನವಾದವು. 2025ರಲ್ಲಿ ಅಮೆರಿಕದ ಸರ್ಕಾರ ತನ್ನ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ನೋವಾ’ದ ಸಂಶೋಧನಾ ವಿಭಾಗವನ್ನೇ ಕೈಬಿಡುವ ಪ್ರಸ್ತಾವವನ್ನು ಬಜೆಟ್ಟಿನಲ್ಲಿ ಮುಂದಿಟ್ಟಿತು. ‘ರಾಮಾ’ದ ಯಂತ್ರಗಳನ್ನು ರೂಪಿಸಿದ್ದು ಅದೇ ಸಂಸ್ಥೆಯ ಪ್ರಯೋಗಾಲಯ. ವಾಷಿಂಗ್ಟನ್ನಿನಲ್ಲಿ ಯಾರೋ ಗೆರೆ ಎಳೆದರೆ ಮುಂಗಾರಿನ ಮುನ್ಸೂಚನೆಗೆ ಬೇಕಾದ ಮಾಹಿತಿ ಬತ್ತಿಹೋಗುವ ಸ್ಥಿತಿ ಭಾರತಕ್ಕೆ ತಕ್ಕದ್ದಲ್ಲ. ಈ ಮಳೆಯನ್ನು ಅತಿ ಹೆಚ್ಚು ನಂಬಿರುವ ದೇಶ ನಮ್ಮದು. ಹೊಣೆಯಲ್ಲೂ ದೊಡ್ಡ ಪಾಲು ನಮ್ಮದೇ ಆಗಬೇಕು.

ದುಡ್ಡಿಗಿಂತ ದೊಡ್ಡ ತೊಡಕು ಅನುಮಾನ. ಅಂತರರಾಷ್ಟ್ರೀಯ ಸಾಗರ ಕಾನೂನಿನ ಪ್ರಕಾರ ಇನ್ನೊಂದು ದೇಶದ 200 ನಾಟಿಕಲ್ ಮೈಲಿ ವಲಯದಲ್ಲಿ ಸಂಶೋಧನೆ ಮಾಡಲು ಆರು ತಿಂಗಳು ಮೊದಲೇ ವಿವರ ಕೊಟ್ಟು ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ತಡವಾದರೆ ಹಡಗಿನ ವೇಳಾಪಟ್ಟಿ ತಪ್ಪುತ್ತದೆ, ಮಳೆಗಾಲ ಕೈತಪ್ಪುತ್ತದೆ. ಸಂಶೋಧನೆಯ ಸೋಗಿನಲ್ಲಿ ಬೇಹುಗಾರಿಕೆ ನಡೆದೀತೆಂಬ ಆತಂಕ ಸುಳ್ಳೇನಲ್ಲ. ನೀರಿನ ಉಷ್ಣತೆ, ಲವಣಾಂಶದ ಲೆಕ್ಕ ಜಲಾಂತರ್ಗಾಮಿಗಳಿಗೂ ಉಪಯೋಗಕ್ಕೆ ಬರುತ್ತದೆ. ಚೀನಾದ ಹಡಗುಗಳ ಬಗ್ಗೆ ಭಾರತ ಆಕ್ಷೇಪ ಎತ್ತಿದ ನಂತರ ಶ್ರೀಲಂಕಾ 2024ರಲ್ಲಿ ವಿದೇಶಿ ಸಂಶೋಧನಾ ಹಡಗುಗಳಿಗೆಲ್ಲ ಒಂದು ವರ್ಷ ತಡೆ ಹಾಕಿತು. ಆದರೆ ಎಲ್ಲ ಹಡಗನ್ನೂ ತಡೆದರೆ ನಷ್ಟ ವಿಜ್ಞಾನಕ್ಕೂ ತೀರದ ಜನಕ್ಕೂ. ಅದೇ ಕಾನೂನು ಬೇರೆ ದಾರಿಯನ್ನೂ ತೋರಿಸಿದೆ: ತೀರದ ದೇಶದ ವಿಜ್ಞಾನಿಗಳು ಹಡಗಿನಲ್ಲಿ ಜೊತೆಗೆ ಹೋಗಬಹುದು, ಸಂಗ್ರಹಿಸಿದ ಮಾಹಿತಿಯನ್ನು ಪಡೆಯಬಹುದು. ಬಾಗಿಲು ಮುಚ್ಚುವುದಕ್ಕಿಂತ ನಮ್ಮವರೂ ಹಡಗು ಹತ್ತಿ ಕಣ್ಣಿಟ್ಟಿರುವುದು ಮೇಲು.

ಮಾಹಿತಿಯನ್ನು ಎಲ್ಲರೂ ಹಂಚಿಕೊಳ್ಳುವುದಕ್ಕೆ ‘ಆರ್ಗೊ’ ಯೋಜನೆ ಒಳ್ಳೆಯ ಮಾದರಿ. ಜಗತ್ತಿನ ಸಾಗರಗಳಲ್ಲಿ ಸುಮಾರು 4,000 ತೇಲುಯಂತ್ರಗಳು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳಕ್ಕೆ ಇಳಿದು, ಮೇಲೇರುತ್ತ ನೀರಿನ ಉಷ್ಣತೆ, ಲವಣಾಂಶ ಅಳೆದು ಕಳಿಸುತ್ತವೆ. ಬಂದ ಮಾಹಿತಿಯನ್ನು ಯಾವ ದೇಶದ ವಿದ್ಯಾರ್ಥಿಯಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಬಹುದು.

2021ರಲ್ಲಿ ಕೇಂದ್ರ ಸರ್ಕಾರ ಆಳಸಾಗರ ಯೋಜನೆಗೆ ಐದು ವರ್ಷಕ್ಕೆ 4,077 ಕೋಟಿ ರೂಪಾಯಿ ಮಂಜೂರು ಮಾಡಿತು. ಅಂಥದೇ ಮನಸ್ಸು ಕಡಲಿನ ನಿತ್ಯದ ನಿಗಾಕ್ಕೂ ಬೇಕು. ‘ರಾಮಾ’ದ ಬುಂಡೆಗಳನ್ನು ಇಲ್ಲೇ ತಯಾರಿಸಿ, ಹಡಗಿನ ದಿನಗಳನ್ನು ಪ್ರತಿವರ್ಷ ಮೀಸಲಿಡಬೇಕು. ಸಂಶೋಧನಾ ಅರ್ಜಿಗಳು ಇಂತಿಷ್ಟು ದಿನದಲ್ಲಿ ಇತ್ಯರ್ಥವಾಗಬೇಕು. ಕೆನ್ಯಾ, ತಾಂಜಾನಿಯಾ, ಮಾಲ್ದೀವ್ಸ್, ಬಾಂಗ್ಲಾದೇಶದ ಯುವ ವಿಜ್ಞಾನಿಗಳಿಗೆ ನಮ್ಮ ಹಡಗುಗಳಲ್ಲಿ ಜಾಗ ಕೊಡಬೇಕು. ಮುಂಗಾರು ಅಧಿವೇಶನದಲ್ಲಿ ನೆರೆ ಪರಿಹಾರಕ್ಕಾಗಿ ದನಿಯೆತ್ತುವ ಕರ್ನಾಟಕದ ಸಂಸದರು, ಈ ಬಾರಿ ಭೂವಿಜ್ಞಾನ ಸಚಿವಾಲಯದ ಅನುದಾನದ ಚರ್ಚೆಯಲ್ಲೂ ಎದ್ದುನಿಂತು ಇವುಗಳ ಲೆಕ್ಕ ಕೇಳಲಿ.