ಹುದಿಕೇರಿಗೆ ಬೇಕಿರುವುದು ವೆಲ್ಡರ್. ಹೈಸ್ಕೂಲ್ ಪಟ್ಟಿಯಲ್ಲಿರುವುದು ಬ್ಯೂಟಿ ಅಂಡ್ ವೆಲ್‌ನೆಸ್

ಹುದಿಕೇರಿ: ಕಾಫಿ ಕುಯ್ಲು ಶುರುವಾಗೋ ಮೊದಲು ಪಲ್ಪರ್ ರಿಪೇರಿ. ಹೂವಿನ ಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚ್‌ನಲ್ಲಿ ಪಂಪ್‌ಸೆಟ್, ಸ್ಪ್ರಿಂಕ್ಲರ್ ಪೈಪ್. ಅದೇ ಹೊತ್ತಿಗೆ ಮೆಣಸು ಕುಯ್ಯುವ ಏಣಿ. ಮಳೆಗಾಲ ಮುಗಿದರೆ ಶೆಡ್ಡು, ಶೀಟು. ನಡುವೆ ಆನೆ ಬಂದು ಗೇಟು ಬಗ್ಗಿಸಿ ಹೋದರೆ ಅದೂ ಒಂದು ಕೆಲಸ. ಪೊನ್ನಂಪೇಟೆಯಿಂದ ಹುದಿಕೇರಿ, ಶ್ರೀಮಂಗಲ ದಾಟಿ ಕುಟ್ಟದವರೆಗೆ ವೆಲ್ಡಿಂಗ್ ಕೆಲಸಕ್ಕೆ ಬರವಿಲ್ಲ. ಆದರೆ ಇಲ್ಲಿನ ಮಕ್ಕಳು ಅದನ್ನು ಎಲ್ಲಿ ಕಲಿಯಬೇಕು ಅಂದರೆ ಹೈಸ್ಕೂಲಿನಲ್ಲಿ ಉತ್ತರವಿಲ್ಲ.

ವೃತ್ತಿ ಶಿಕ್ಷಣ ಇಲ್ಲವೇ ಇಲ್ಲ ಅಂತಲ್ಲ. ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ ವಿಷಯಗಳಿವೆ. ತೃತೀಯ ಭಾಷೆಯ ಬದಲು ಅದನ್ನೇ ಎಸ್‌ಎಸ್‌ಎಲ್‌ಸಿಯಲ್ಲಿ ಬರೆಯಬಹುದು. ಪರೀಕ್ಷಾ ವೇಳಾಪಟ್ಟಿಯಲ್ಲಿ ಕಾಣಿಸುತ್ತಾ ಬಂದಿರುವುದು ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಎಲೆಕ್ಟ್ರಾನಿಕ್ಸ್ ಅಂಡ್ ಹಾರ್ಡ್‌ವೇರ್, ಸಿದ್ಧ ಉಡುಪು ಇಂಥವು. ಬೆಂಗಳೂರು, ಮೈಸೂರಿನ ಮಾಲ್‌ಗೆ ಇವು ಹೊಂದಬಹುದು. ತೋಟದ ಊರಿಗೆ ಬೇಕಾದ ವೆಲ್ಡಿಂಗ್, ಫಿಟ್ಟಿಂಗ್ ಅದರಲ್ಲಿಲ್ಲ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಡ್ರಾಯಿಂಗ್ ಕಲಿಸುವ ಸರ್ಕಾರಿ ಜೂನಿಯರ್ ಟೆಕ್ನಿಕಲ್ ಸ್ಕೂಲ್‌ಗಳು ರಾಜ್ಯದಲ್ಲಿ ಇವೆ, ಆ ಮಕ್ಕಳು ಬರೆಯೋದೂ ಎಸ್‌ಎಸ್‌ಎಲ್‌ಸಿನೇ. ಆದರೆ ಅವು ಬೆರಳೆಣಿಕೆಯಷ್ಟು.

ಉಳಿಯುವುದು ಐಟಿಐ. ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ತಿರುವಿದೆ. ವೆಲ್ಡರ್ ಟ್ರೇಡ್ 1 ವರ್ಷದ್ದು, 8ನೇ ತರಗತಿ ಪಾಸಾಗಿದ್ದರೆ ಸೀಟು ಸಿಗುತ್ತದೆ. ಫಿಟ್ಟರ್‌ಗೆ 2 ವರ್ಷ, ಎಸ್‌ಎಸ್‌ಎಲ್‌ಸಿ ಆಗಿರಬೇಕು. ಓದು ತಲೆಗೆ ಹತ್ತದ ಹುಡುಗನನ್ನು ಶಾಲೆ ಬಿಡಿಸಿ ವೆಲ್ಡರ್‌ಗೆ ಸೇರಿಸೋಣ ಅಂತ ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಎಸ್‌ಎಸ್‌ಎಲ್‌ಸಿ ಇಲ್ಲದಿದ್ದರೆ ಮುಂದೆ ಫಿಟ್ಟರ್ ಸೀಟೂ ಇಲ್ಲ, ಪಾಲಿಟೆಕ್ನಿಕ್ಕೂ ಇಲ್ಲ. ಅದೇ ಎಸ್‌ಎಸ್‌ಎಲ್‌ಸಿ ಮುಗಿಸಿ 2 ವರ್ಷದ ಐಟಿಐ ಮಾಡಿದವನು ನೇರವಾಗಿ ಡಿಪ್ಲೊಮಾ 2ನೇ ವರ್ಷಕ್ಕೆ ಸೇರಬಹುದು. ಎರಡು ವರ್ಷದ ಅವಸರಕ್ಕೆ ಇಡೀ ದಾರಿಯೇ ಮುಚ್ಚುತ್ತದೆ. ಇದನ್ನು 8ನೇ ತರಗತಿಯಲ್ಲೇ ಮನೆಯವರನ್ನು ಕರೆಸಿ ಹೇಳುವವರು ಬೇಕು.

ದೂರದ ಲೆಕ್ಕವೂ ವಿಚಿತ್ರ. ಎಂಜಿನಿಯರಿಂಗ್ ಕಾಲೇಜು ಪಕ್ಕದ ಪೊನ್ನಂಪೇಟೆಯಲ್ಲೇ ಇದೆ, ಸರ್ಕಾರಿ ಪಾಲಿಟೆಕ್ನಿಕ್‌ಗೆ ಕುಶಾಲನಗರಕ್ಕೆ ಹೋಗಬೇಕು. ಡಿಗ್ರಿ ಹತ್ತಿರ, ಡಿಪ್ಲೊಮಾ ದೂರ! ಟಾಟಾ ಟೆಕ್ನಾಲಜೀಸ್ ಜತೆ ಸೇರಿ ಮೇಲ್ದರ್ಜೆಗೇರಿಸಿದ ರಾಜ್ಯದ 150 ಐಟಿಐಗಳನ್ನು 2022ರ ಜೂನ್‌ನಲ್ಲಿ ಪ್ರಧಾನಿ ಲೋಕಾರ್ಪಣೆ ಮಾಡಿದ್ದರು. ಮೆಷಿನ್ ಬಂತು. ಹೈಸ್ಕೂಲಿನಿಂದ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ವ್ಯವಸ್ಥೆ ಬರಲಿಲ್ಲ.

ಹಾಗಾಗಿ ಹುಡುಗರು ಕಲಿಯುವುದು ವರ್ಕ್‌ಶಾಪಿನಲ್ಲಿ, ಹೆಲ್ಪರ್ ಆಗಿ, ಕಣ್ಣಿಗೆ ಬರೀ ಕೂಲಿಂಗ್ ಗ್ಲಾಸ್ ಹಾಕಿಕೊಂಡು. ರಾತ್ರಿ ಕಣ್ಣಲ್ಲಿ ಮರಳು ಬಿದ್ದಂತಾಗಿ ನಿದ್ದೆ ಇಲ್ಲ. ಜಿಐ ಪೈಪ್ ಸುಟ್ಟ ಹೊಗೆ ಕುಡಿದರೆ ಜ್ವರ. ಮಳೆಗಾಲದಲ್ಲಿ ಒದ್ದೆ ನೆಲ, ಅರ್ಥಿಂಗ್ ಇಲ್ಲದ ಲೈನು. ಶಾಕ್ ಹೊಡೆದರೆ ಮುಗಿಯಿತು. ಅಲ್ಯೂಮಿನಿಯಂ ಏಣಿಗೆ ಆರ್ಗಾನ್ ವೆಲ್ಡಿಂಗ್ ಬೇಕು, ಮಾಮೂಲಿ ರಾಡ್ ಮೆಷಿನ್‌ನಲ್ಲಿ ಸರಿಹೋಗಲ್ಲ. ನೋಡಿ ಕಲಿತವನಿಗೆ ಇದನ್ನು ಯಾರೂ ಹೇಳಿರೋದಿಲ್ಲ, ಏರುವವನ ಜೀವ ಮಾತ್ರ ಆ ಬೆಸುಗೆ ಮೇಲೆ ನಿಂತಿರುತ್ತದೆ.

ಮಾಲೀಕರಿಗೂ ಇಕ್ಕಟ್ಟಿದೆ. 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ, 18ರವರೆಗೆ ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ. ಅಪಾಯಕಾರಿ ಉದ್ಯಮಗಳಲ್ಲಿ ಅಪ್ರೆಂಟಿಸ್ ಆಗಲೂ 18 ತುಂಬಿರಬೇಕು. ಶಾಲೆ ಕಲಿಸಲ್ಲ, ಅಂಗಡಿ ಕಲಿಸುವಂತಿಲ್ಲ.

9ನೇ ತರಗತಿ ಹುಡುಗನ ಕೈಗೆ ಹೋಲ್ಡರ್ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ಟೇಪ್, ರೈಟ್ ಆಂಗಲ್ ಹಿಡಿದು ಅಳೆಯೋದು, ಡ್ರಾಯಿಂಗ್ ಓದೋದು, ಅರ ಹಾಕೋದು, ಅರ್ಥಿಂಗ್ ನೋಡೋದು, ಒಂದು ಗೇಟಿಗೆ ಎಷ್ಟು ಕಬ್ಬಿಣ, ಎಷ್ಟು ದುಡ್ಡು ಅಂತ ಲೆಕ್ಕ ಹಾಕೋದು, ಇಷ್ಟಕ್ಕೆ ಶಾಲೆಯ ಒಂದು ಕೊಠಡಿ ಸಾಕು. ಕಿಡಿ ಹಾರುವ ಕೆಲಸವನ್ನು ಐಟಿಐ ಶೆಡ್ಡಿನಲ್ಲಿ, ಹೆಲ್ಮೆಟ್ ಶೀಲ್ಡ್ ಹಾಕಿ, ಅಲ್ಲಿನ ಬೋಧಕರೇ ತೋರಿಸಲಿ. ತರಬೇತುದಾರರನ್ನು ಏಜೆನ್ಸಿ ಮೂಲಕ ಗುತ್ತಿಗೆಗೆ ತೆಗೆದುಕೊಳ್ಳುವ ಈಗಿನ ಪದ್ಧತಿಯಲ್ಲಿ ಗುಡ್ಡಗಾಡಿನ ಊರಿಗೆ ಬಂದವರು ನಿಲ್ಲುವುದು ಕಷ್ಟ; ಇಲ್ಲಿಯದೇ ಅನುಭವಿ ವೆಲ್ಡರ್‌ಗಳನ್ನು ವಾರಕ್ಕೆ ಒಂದೆರಡು ದಿನ ಗೌರವಧನ ಕೊಟ್ಟು ಕರೆಸಬಹುದು.

ಜೂನ್‌ನಲ್ಲಿ ದಾಖಲಾತಿ ಮುಗಿದ ಮೇಲೆ ಕೇಳಿ ಪ್ರಯೋಜನವಿಲ್ಲ. ಎಸ್‌ಡಿಎಂಸಿಯವರು ಅದಕ್ಕೆ ಮೊದಲೇ ಬಿಇಒ ಕಚೇರಿಗೆ ಬರೆದುಕೊಡಬೇಕು. ಆ ಅರ್ಜಿಗೆ ವರ್ಕ್‌ಶಾಪ್, ಹಾರ್ಡ್‌ವೇರ್ ಅಂಗಡಿಯವರ ಸಹಿಯೂ ಇದ್ದರೆ ತೂಕ ಜಾಸ್ತಿ.