ಕದ್ದು ನೋಡುವವರ ಲೆಕ್ಕ, ಕೆಟ್ಟುಹೋಗುವ ನಿದ್ರೆ

ರೋಗಿಗಳು ವೈದ್ಯನ ಮುಂದಿಡುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಹಸಿವಿಲ್ಲ, ನಿದ್ರೆಯಿಲ್ಲ, ತಲೆಭಾರ, ಎದೆಬಡಿತ ಎಂಬ ಮೊದಲ ಮಾತುಗಳು ನಲವತ್ತು ವರ್ಷಗಳ ಹಿಂದೆ ಇದ್ದಂತೆಯೇ ಇವೆ. ಆದರೆ ನಿದ್ರೆ ಏಕಿಲ್ಲವೆಂದು ಇನ್ನೊಮ್ಮೆ ವಿಚಾರಿಸಿದರೆ ಇಂದು ಹಲವರು ಜೇಬಿನಿಂದ ಮೊಬೈಲನ್ನು ಹೊರತೆಗೆಯುತ್ತಾರೆ. “ನನ್ನ ಪ್ರೊಫೈಲನ್ನು ಯಾರೋ ಕದ್ದು ನೋಡುತ್ತಿದ್ದಾರೆ, ಅವರು ಯಾರೆಂದು ತಿಳಿಯುವ ಉಪಾಯವಿದೆಯೇ?” ಎಂಬುದು ಅವರ ಪ್ರಶ್ನೆ. ಕೇಳುವವರೆಲ್ಲ ಕಾಲೇಜಿನ ಹುಡುಗ ಹುಡುಗಿಯರೆಂದು ಭಾವಿಸಬೇಕಾಗಿಲ್ಲ. ಮೊಮ್ಮಗನ ನಾಮಕರಣದ ಚಿತ್ರವನ್ನು ಸ್ಟೇಟಸ್ಸಿಗೆ ಹಾಕಿ, ಬೀಗರು ನೋಡಿದರೇ ಇಲ್ಲವೇ, ನೋಡಿಯೂ ಒಂದು ಒಳ್ಳೆಯ ಮಾತು ಏಕೆ ಬರೆಯಲಿಲ್ಲ ಎಂದು ನಡುರಾತ್ರಿಯವರೆಗೆ ಲೆಕ್ಕ ಹಾಕುವ ಅಜ್ಜ ಅಜ್ಜಿಯರೂ ನಮ್ಮ ನಡುವೆ ಇದ್ದಾರೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಅದರ ಉತ್ತರವನ್ನು ಹುಡುಕುತ್ತ ರಾತ್ರಿಗಳನ್ನು ಕಳೆಯುವುದೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ನಮ್ಮನ್ನು ಯಾರು ನೋಡುತ್ತಿದ್ದಾರೆ ಎಂದು ತಿಳಿಯಬಯಸುವುದು ಮನುಷ್ಯನ ಸಹಜ ಸ್ವಭಾವ. ಊರಿನ ಕಟ್ಟೆಯ ಮೇಲೆ ಕುಳಿತವನು ದಾರಿಹೋಕನನ್ನು ನೋಡುವಾಗ, ದಾರಿಹೋಕನಿಗೂ ಆತ ಕಾಣುತ್ತಿದ್ದನು. ಕಣ್ಣಿಗೆ ಕಣ್ಣು ಕೂಡಿದರೆ ಒಂದು ನಗೆ, ‘ಆರಾಮ ಇದ್ದೀರಾ’ ಎಂಬ ಒಂದು ಮಾತು ಹುಟ್ಟುತ್ತಿತ್ತು. ಸಾಮಾಜಿಕ ಜಾಲತಾಣದಲ್ಲಿ ನೋಟ ಒಂದೇ ಕಡೆಯದು. ನೂರು ಜನ ನಮ್ಮ ಮನೆಯ ಚಿತ್ರವನ್ನು ನೋಡಬಹುದು. ಅವರ ಮುಖ ನಮಗೆ ಕಾಣದು. ಕಾಣದ ನೋಟ ಮನಸ್ಸಿನಲ್ಲಿ ಶಂಕೆಯನ್ನು ಬಿತ್ತುತ್ತದೆ. ಆದ್ದರಿಂದ ಮೊದಲು ವಾಸ್ತವವೇನೆಂದು ತಿಳಿಯೋಣ. ಪಥ್ಯದ ಮಾತು ಅನಂತರದ್ದು.

ತಿಳಿಯುವುದೆಷ್ಟು, ತಿಳಿಯದಿರುವುದೆಷ್ಟು

ಫೇಸ್‌ಬುಕ್ ತನ್ನ ಸಹಾಯ ಪುಟದಲ್ಲಿಯೇ ಈ ವಿಷಯವನ್ನು ಸ್ಪಷ್ಟಪಡಿಸಿದೆ: ತಮ್ಮ ಪ್ರೊಫೈಲನ್ನು ಯಾರು ನೋಡಿದರೆಂದು ತಿಳಿಯುವ ಅವಕಾಶವನ್ನು ಅದು ಬಳಕೆದಾರರಿಗೆ ಕೊಡುವುದಿಲ್ಲ, ಹೊರಗಿನ ಯಾವ ಆ್ಯಪೂ ಅದನ್ನು ತಿಳಿಸಲಾರದು. ಇನ್‌ಸ್ಟಾಗ್ರಾಂ ಕೂಡ ಪ್ರೊಫೈಲಿಗೆ ಬಂದು ಹೋದವರ ಹೆಸರನ್ನು ಹೇಳುವುದಿಲ್ಲ. 24 ಗಂಟೆ ಇರುವ ‘ಸ್ಟೋರಿ’ಯನ್ನು ಯಾವ ಖಾತೆಗಳಿಂದ ನೋಡಲಾಯಿತೆಂಬ ಪಟ್ಟಿ ಮಾತ್ರ ಅದನ್ನು ಹಾಕಿದವರಿಗೆ ಸಿಗುತ್ತದೆ. ವಾಟ್ಸ್‌ಆ್ಯಪ್ ಸ್ಟೇಟಸ್ಸಿನ ಸಂಗತಿಯೂ ಹೀಗೆಯೇ. ಆದರೆ ಓದಿದ ಗುರುತಿನ ಸೌಲಭ್ಯವನ್ನು ನಿಲ್ಲಿಸಿಕೊಂಡವರು ನೋಡಿದರೂ ಅವರ ಹೆಸರು ಪಟ್ಟಿಗೆ ಬರುವುದಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಬೀಗರು ನೋಡಿಲ್ಲವೆಂದು ನಿರ್ಧರಿಸುವುದು ಎಷ್ಟು ದುಡುಕಿನದೆಂಬುದು ಇದರಿಂದ ತಿಳಿಯುತ್ತದೆ. ಇನ್ನು ನಮ್ಮ ಡಿಪಿಯನ್ನು ಯಾರು ತೆರೆದು ನೋಡಿದರೆಂದು ವಾಟ್ಸ್‌ಆ್ಯಪ್ ಯಾರಿಗೂ ಹೇಳುವುದಿಲ್ಲ.

ಉದ್ಯೋಗದ ಸಂಪರ್ಕಕ್ಕಾಗಿ ಇರುವ ಲಿಂಕ್ಡ್‌ಇನ್ ಮಾತ್ರ ಪ್ರೊಫೈಲ್ ನೋಡಿದವರ ವಿವರವನ್ನು ತಕ್ಕಮಟ್ಟಿಗೆ ತೋರಿಸುತ್ತದೆ. ಅಲ್ಲಿಯೂ ನೋಡುವವರು ತಮ್ಮ ಗುರುತನ್ನು ಮರೆಮಾಡಬಹುದು. ಹಿಂದೆ ಆರ್ಕುಟ್ ಎಂಬ ಜಾಲತಾಣವಿತ್ತು. 2004ರಲ್ಲಿ ಹುಟ್ಟಿ ನಮ್ಮ ದೇಶದಲ್ಲಿ ಬಹಳ ಜನಪ್ರಿಯವಾಗಿದ್ದ ಅದು, ಪುಟಕ್ಕೆ ಇತ್ತೀಚೆಗೆ ಬಂದವರ ಹೆಸರನ್ನು ತೋರಿಸುತ್ತಿತ್ತು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಆಗಿನ ರೂಢಿಯನ್ನು ಕಂಡವರು ಈಗಲೂ ಎಲ್ಲೋ ಒಂದು ಗುಪ್ತ ಪಟ್ಟಿ ಇದ್ದೇ ಇದೆ ಎಂದು ನಂಬುವುದು ಆಶ್ಚರ್ಯವಲ್ಲ.

ಇನ್ನೂ ಎರಡು ನಂಬಿಕೆಗಳು ಪ್ರಚಾರದಲ್ಲಿವೆ. ಸ್ಟೋರಿ ನೋಡಿದವರ ಪಟ್ಟಿಯಲ್ಲಿ ಮೇಲೆ ಕಾಣುವವರೇ ನಮ್ಮನ್ನು ಹೆಚ್ಚು ಹಿಂಬಾಲಿಸುವವರು ಎಂಬುದೊಂದು; ‘ನಿಮಗೆ ಪರಿಚಿತರಿರಬಹುದು’ ಎಂದು ಫೇಸ್‌ಬುಕ್ ಸೂಚಿಸುವವರು ನಮ್ಮ ಪುಟವನ್ನು ಕದ್ದು ನೋಡಿದವರೇ ಎಂಬುದು ಇನ್ನೊಂದು. ಇವೆರಡೂ ಊಹೆಗಳು. ಪಟ್ಟಿಯ ಕ್ರಮವನ್ನು ಗಣಕದ ಲೆಕ್ಕಾಚಾರ ನಿರ್ಧರಿಸುತ್ತದೆ. ಪರಿಚಯದ ಸೂಚನೆಗಳು ಸಮಾನ ಸ್ನೇಹಿತರು, ಒಂದೇ ಗುಂಪಿನ ಸದಸ್ಯತ್ವ, ಫೋನಿನಿಂದ ಹಂಚಿಕೊಂಡ ಸಂಖ್ಯೆಗಳು ಮುಂತಾದವುಗಳಿಂದ ಹುಟ್ಟುತ್ತವೆ. ಇಂಥ ಊಹೆಯನ್ನು ಸಾಕ್ಷ್ಯವೆಂದು ಹಿಡಿದು ಗಂಡ ಹೆಂಡಿರು ಮುನಿಸಿಕೊಂಡ, ಅಕ್ಕ ತಂಗಿಯರು ಮಾತು ಬಿಟ್ಟ ಪ್ರಸಂಗಗಳನ್ನು ನಾವು ಬಲ್ಲೆವು. ಇಲ್ಲದ ಸಾಕ್ಷ್ಯದ ಮೇಲೆ ತೀರ್ಪು ಕೊಟ್ಟು ಸಂಬಂಧಗಳನ್ನು ಕಡಿದುಕೊಳ್ಳುವುದು ಯಾವ ವಿವೇಕ?

ತೋರಿಸುತ್ತೇವೆ ಎನ್ನುವವರು

ಬಯಕೆ ಇದ್ದಲ್ಲಿ ವ್ಯಾಪಾರಿ ಬಂದೇ ಬರುತ್ತಾನೆ. ‘ನಿಮ್ಮ ಪ್ರೊಫೈಲನ್ನು ಕದ್ದು ನೋಡುವವರ ಹೆಸರು ಒಂದೇ ಕ್ಷಣದಲ್ಲಿ’ ಎಂದು ಸಾರುವ ಆ್ಯಪುಗಳಿಗೂ ಕೊಂಡಿಗಳಿಗೂ ಕೊರತೆಯಿಲ್ಲ. ಇವುಗಳ ಕೆಲಸ ಬಹು ಸರಳ. ಮೊದಲು ನಿಮ್ಮ ಖಾತೆಯ ಹೆಸರು, ಪಾಸ್‌ವರ್ಡ್ ಕೇಳುತ್ತವೆ. ಕೊಟ್ಟ ಕ್ಷಣದಲ್ಲಿ ಮನೆಯ ಬೀಗದ ಕೈ ಅಪರಿಚಿತನ ಕೈ ಸೇರಿತೆಂದೇ ತಿಳಿಯಬೇಕು. ಬಳಿಕ ನಿಮ್ಮ ಸ್ನೇಹಿತರ ಪಟ್ಟಿಯಿಂದಲೇ ಕೆಲವು ಹೆಸರುಗಳನ್ನು ಹೆಕ್ಕಿ, ‘ಇವರೇ ನೋಡಿದವರು’ ಎಂದು ತೋರಿಸುತ್ತವೆ. ಹೆಸರು ಪರಿಚಿತವಾದ್ದರಿಂದ ನಾವು ನಂಬುತ್ತೇವೆ. ಉಳಿದ ಹೆಸರುಗಳನ್ನು ಮಸುಕಾಗಿಸಿ, ಪೂರ್ಣ ಪಟ್ಟಿಗೆ ಹಣ ಕೇಳುವುದೂ ಉಂಟು. ಕೆಲವು ಆ್ಯಪುಗಳು ಫೋನಿನ ಸಂದೇಶಗಳನ್ನು ಓದುವ ಅನುಮತಿಯನ್ನು ಪಡೆಯುತ್ತವೆ. ಬ್ಯಾಂಕಿನಿಂದ ಬರುವ ಒಟಿಪಿ ಕೂಡ ಸಂದೇಶವೇ ಎಂಬುದು ನಮಗೆ ಆಗ ನೆನಪಾಗುವುದಿಲ್ಲ. ಮರೆಯ ಕಳ್ಳನನ್ನು ಹಿಡಿಯಹೋಗಿ ಎದುರಿನ ಕಳ್ಳನಿಗೆ ಬಾಗಿಲು ತೆರೆದಂತಾಗುತ್ತದೆ.

ಇಂಥ ಬಲೆಗೆ ಸಿಕ್ಕಿದವರು ನಾಚಿಕೆಯಿಂದ ಮುಚ್ಚಿಡಬಾರದು. ಆ ಆ್ಯಪನ್ನು ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣವನ್ನು ಜಾರಿಗೊಳಿಸಬೇಕು. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ಸಾಧನಗಳಲ್ಲಿ ಖಾತೆ ತೆರೆದಿದೆ ಎಂಬ ವಿವರವಿರುತ್ತದೆ. ಗುರುತಿಲ್ಲದವುಗಳಿಂದ ಲಾಗ್‌ಔಟ್ ಮಾಡಬೇಕು. ಪ್ರೊಫೈಲನ್ನು ಯಾರು ನೋಡಿದರೆಂಬುದು ತಿಳಿಯದಿದ್ದರೂ, ಖಾತೆಯ ಒಳಗೆ ಯಾರಾದರೂ ನುಗ್ಗಿದ್ದಾರೆಯೇ ಎಂಬುದನ್ನು ಇಲ್ಲಿ ಪರೀಕ್ಷಿಸಬಹುದು. ನಿಜವಾಗಿ ನೋಡಬೇಕಾದ ಪಟ್ಟಿ ಇದೇ. ಹಣ ಹೋಗಿದ್ದರೆ ಒಡನೆಯೇ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸೈಬರ್ ಸಹಾಯವಾಣಿಗೂ ಕರೆಮಾಡಬೇಕು. ತಡಮಾಡಿದಷ್ಟೂ ಹಣ ಮರಳುವ ಅವಕಾಶ ಕಡಿಮೆಯಾಗುತ್ತದೆ.

ರೋಗದ ಬೇರು

ಇನ್ನು ನಮ್ಮ ಶಾಸ್ತ್ರದ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವೇಗಗಳ ಕುರಿತದ್ದು. ಹಸಿವು, ಬಾಯಾರಿಕೆ, ಸೀನು, ಆಕಳಿಕೆ, ಕಣ್ಣೀರು, ಮಲ ಮೂತ್ರಗಳು ಮೊದಲಾದ ಹದಿಮೂರು ವೇಗಗಳನ್ನು ತಡೆಯಬಾರದೆಂದು ಅದು ವಿಧಿಸುತ್ತದೆ. ಆ ಹದಿಮೂರರಲ್ಲಿ ನಿದ್ರೆಯೂ ಒಂದು. ಬಂದ ನಿದ್ರೆಯನ್ನು ತಡೆದರೆ ಆಕಳಿಕೆ, ಮೈಕೈ ನೋವು, ಜಡತೆ, ತಲೆಯ ವ್ಯಾಧಿ, ಕಣ್ಣುಭಾರ ಉಂಟಾಗುತ್ತವೆಂದು ಹೇಳುತ್ತದೆ. ಅದೇ ಅಧ್ಯಾಯವು ತಡೆಯಲೇಬೇಕಾದ ವೇಗಗಳನ್ನೂ ಎಣಿಸುತ್ತದೆ. ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ, ಅತಿಯಾದ ಆಸಕ್ತಿ, ಪರರದ್ದನ್ನು ಬಯಸುವುದು ಇವು ಮನಸ್ಸಿನ ವೇಗಗಳು.

ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ, ಯಾರು ನೋಡಿದರು, ಯಾರು ನೋಡಲಿಲ್ಲ ಎಂದು ಬೆರಳಾಡಿಸುವವನ ಸ್ಥಿತಿಯನ್ನು ಈ ಎರಡು ಪಟ್ಟಿಗಳ ಪಕ್ಕದಲ್ಲಿಟ್ಟು ನೋಡಿರಿ. ತಡೆಯಬಾರದ ನಿದ್ರೆಯನ್ನು ಆತ ತಡೆಯುತ್ತಿದ್ದಾನೆ. ತಡೆಯಬೇಕಾದ ಈರ್ಷ್ಯೆ, ಭಯ, ಅಹಂಕಾರಗಳಿಗೆ ಹಗ್ಗ ಬಿಚ್ಚಿದ್ದಾನೆ. ಶಾಸ್ತ್ರವಿಧಿ ಸಂಪೂರ್ಣ ತಲೆಕೆಳಗಾಗಿದೆ. ಹಿತವಲ್ಲವೆಂದು ತಿಳಿದೂ ತಿಳಿದೂ ಮಾಡುವ ಇಂಥ ಕಾರ್ಯವನ್ನು ಆಯುರ್ವೇದವು ಪ್ರಜ್ಞಾಪರಾಧವೆಂದು ಕರೆದು, ರೋಗದ ಮೂಲ ಕಾರಣಗಳಲ್ಲಿ ಒಂದೆಂದು ಎಣಿಸಿದೆ. ರಾತ್ರಿಯ ಜಾಗರಣೆಯಿಂದ ದೇಹದಲ್ಲಿ ರೂಕ್ಷತೆ ಬೆಳೆದು ವಾತ ಕೆರಳುತ್ತದೆ. ಕೆರಳಿದ ವಾತವು ಮನಸ್ಸನ್ನು ಇನ್ನಷ್ಟು ಚಂಚಲಗೊಳಿಸುತ್ತದೆ. ಚಂಚಲ ಮನಸ್ಸು ಮತ್ತೆ ಮೊಬೈಲನ್ನು ಹುಡುಕುತ್ತದೆ. ಹೀಗೆ ಗಾಣದ ಎತ್ತಿನ ಸುತ್ತು ಆರಂಭವಾಗುತ್ತದೆ.

ಆಧುನಿಕ ಮನೋವಿಜ್ಞಾನವೂ ಇದಕ್ಕೆ ಪೂರಕವಾದ ಮಾತನ್ನೇ ಹೇಳುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಕಾಳು ಯಾವ ಸಲ ಸಿಗುತ್ತದೆಂಬ ಖಚಿತತೆ ಇಲ್ಲದಾಗ, ಪಾರಿವಾಳ ಬಿಡದೆ ಕುಕ್ಕುತ್ತಲೇ ಇರುತ್ತದೆ. ಬೇಕಾದ ಹೆಸರು ಒಮ್ಮೆ ಕಾಣುತ್ತದೆ, ಹತ್ತು ಸಲ ಕಾಣುವುದಿಲ್ಲ. ನಮ್ಮ ಬೆರಳೂ ಆ ಕೊಕ್ಕಿನಂತೆಯೇ ಕುಕ್ಕುತ್ತಿರುತ್ತದೆ.

ನಿಜವಾದ ಅಪಾಯ ಎದುರಾದಾಗ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಭಯವೂ ಮನಸ್ಸಿನ ಭ್ರಮೆಯೆಂದು ನಾವು ಹೇಳುತ್ತಿಲ್ಲ. ಬೇಡವೆಂದರೂ ಮತ್ತೆ ಮತ್ತೆ ಸಂದೇಶ ಕಳುಹಿಸುವವರು, ಹೊಸ ಹೊಸ ಸುಳ್ಳು ಖಾತೆಗಳಿಂದ ಬೆನ್ನು ಹತ್ತುವವರು, ಚಿತ್ರಗಳನ್ನು ಕದ್ದು ಬೆದರಿಸುವವರು ಇದ್ದಾರೆ. ವಿಶೇಷವಾಗಿ ಹೆಣ್ಣುಮಕ್ಕಳು ಇದನ್ನು ಅನುಭವಿಸುತ್ತಾರೆ. ಎಲ್ಲರಿಗೂ ತೆರೆದಿಟ್ಟ ಚಿತ್ರವನ್ನು ಸುಮ್ಮನೆ ನೋಡಿ ಹೋದವನ ಮಾತು ಬೇರೆ, ಇವರ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು, ಮಹಿಳೆಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಹಿಂಬಾಲಿಸುವುದನ್ನೂ ಆಕೆಯ ಅಂತರಜಾಲ ಬಳಕೆಯ ಮೇಲೆ ಕಣ್ಣಿಡುವುದನ್ನೂ ಅಪರಾಧವೆಂದು ಸಾರಿದೆ. ಮೊದಲ ಸಲದ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸಂದೇಶಗಳನ್ನು ಅಳಿಸದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆ ಖಾತೆಯನ್ನು ಬ್ಲಾಕ್ ಮಾಡಿ, ಪೊಲೀಸರಿಗೆ ದೂರು ಕೊಡಬೇಕು. ಪ್ರಾಣಭಯವಿದ್ದರೆ 112ಕ್ಕೆ ಕರೆಮಾಡಬೇಕು. ಮನೆಯ ಹಿರಿಯರು “ನೀನು ಫೋಟೋ ಏಕೆ ಹಾಕಿದೆ?” ಎಂದು ಮಗಳನ್ನೇ ಗದರಿಸಿದರೆ, ಆಕೆ ಮುಂದಿನ ಸಲ ಹೇಳದೆ ಒಳಗೊಳಗೇ ಬೇಯುತ್ತಾಳೆ. ಮೊದಲು ಕೇಳಿಸಿಕೊಳ್ಳುವುದು ಹಿರಿಯರ ಕರ್ತವ್ಯ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಯಾವ ಆಧಾರವೂ ಇಲ್ಲದೆ, ಎಲ್ಲರೂ ಫೋನಿನೊಳಗಿಂದ ತನ್ನನ್ನೇ ಗಮನಿಸುತ್ತಿದ್ದಾರೆ, ತನ್ನ ಮೇಲೆ ಸಂಚು ನಡೆದಿದೆ ಎಂದು ಒಬ್ಬರು ದೃಢವಾಗಿ ನಂಬಿ, ಊಟ ಉಡುಗೆಗಳನ್ನು ತೊರೆದು ಕೋಣೆ ಸೇರಿದರೆ, ಅದು ಮನೆಮದ್ದಿನ ವಿಷಯವಲ್ಲ. ಬ್ರಾಹ್ಮಿ, ಜಟಾಮಾಂಸಿ ಎನ್ನುತ್ತ ಕಾಲ ಕಳೆಯದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಹಗಲಿರುಳೂ ಸಲಹೆ ದೊರೆಯುತ್ತದೆ; ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯವಿದೆ.

ಪಥ್ಯ

ಉಳಿದವರಿಗೆ ನಮ್ಮ ಸಲಹೆ ಸುಲಭವಾದದ್ದು. ಖಾತೆಗೆ ಬೇಲಿ ಹಾಕಿರಿ: ಪ್ರೊಫೈಲನ್ನು ಖಾಸಗಿಯಾಗಿಡಿ, ಪರಿಚಯವಿಲ್ಲದವರನ್ನು ಪಟ್ಟಿಯಿಂದ ತೆಗೆಯಿರಿ, ಮಕ್ಕಳ ಶಾಲೆಯ ಹೆಸರು, ಮನೆಯ ವಿಳಾಸ, ಊರಿಗೆ ಹೊರಟ ಸುದ್ದಿಗಳನ್ನು ಬಹಿರಂಗವಾಗಿ ಹಾಕಬೇಡಿರಿ. ಒಂದು ಚಿತ್ರವನ್ನು ಹಾಕುವ ಮುನ್ನ, ಇದನ್ನು ಸಂತೆಯ ನಡುವೆ ನಿಂತು ಎಲ್ಲರಿಗೂ ತೋರಿಸಬಲ್ಲೆನೇ ಎಂದು ಕೇಳಿಕೊಳ್ಳಿರಿ. ತೋರಿಸಬಲ್ಲೆನೆಂದರೆ, ಯಾರು ನೋಡಿದರೆಂಬ ಚಿಂತೆ ಏಕೆ? ತೋರಿಸಲಾರೆನೆಂದರೆ, ಹಾಕುವುದೇಕೆ?

ರಾತ್ರಿಯ ಊಟವನ್ನು ಮಲಗುವ ಎರಡು ಮೂರು ಗಂಟೆ ಮೊದಲೇ ಮುಗಿಸಿ, ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಿರಿ. ಎಚ್ಚರಿಸಲು ಹಳೆಯ ಅಲಾರಂ ಗಡಿಯಾರ ಸಾಕು. ಅಂಗಾಲಿಗೆ ಸ್ವಲ್ಪ ಬೆಚ್ಚಗಿನ ಎಳ್ಳೆಣ್ಣೆಯನ್ನು ಹಚ್ಚಿ ಮೆಲ್ಲಗೆ ತಿಕ್ಕುವ ಪಾದಾಭ್ಯಂಗವು ನಿದ್ರೆಗೆ ಹಿತಕರ. ಜಾರದಂತೆ ಬಳಿಕ ಒರೆಸಿಕೊಳ್ಳಿರಿ. ಎಮ್ಮೆಯ ಹಾಲು ನಿದ್ರೆ ತರುವುದೆಂದು ಚರಕಸಂಹಿತೆ ಹೇಳುತ್ತದೆ. ಜೀರ್ಣಶಕ್ತಿ ಚೆನ್ನಾಗಿರುವವರು ಅರ್ಧ ಲೋಟ ಬಿಸಿಯಾಗಿ ಕುಡಿಯಬಹುದು. ಮಧುಮೇಹ, ಸ್ಥೂಲಕಾಯ, ಕಫದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಸೇವಿಸಬೇಕು.

ಎಲ್ಲಕ್ಕಿಂತ ಮಿಗಿಲಾದ ಔಷಧ ಇನ್ನೊಂದಿದೆ. ಬೀಗರು ಚಿತ್ರ ನೋಡಿದರೇ ಎಂಬ ಸಂಶಯ ಬಂದರೆ ಪಟ್ಟಿಯನ್ನು ತೆರೆಯಬೇಡಿರಿ. ಅವರಿಗೆ ಫೋನು ಮಾಡಿ, “ಮೊಮ್ಮಗನಿಗೆ ಹೆಸರಿಟ್ಟೆವು, ಒಮ್ಮೆ ಬಂದು ಹೋಗಿರಿ” ಎಂದು ಬಾಯಿತುಂಬ ಕರೆಯಿರಿ. ದೂರವಾದ ಗೆಳೆಯನು ಕದ್ದು ನೋಡುತ್ತಿರಬಹುದೆಂದು ಅನಿಸಿದರೆ, ಆತನನ್ನು ಮಾತನಾಡಿಸಬೇಕೆಂಬ ಆಸೆ ನಮ್ಮಲ್ಲಿಯೇ ಇದೆಯೇ ಎಂದು ಪರೀಕ್ಷಿಸಿಕೊಳ್ಳಿರಿ. ಇದ್ದರೆ ನಾವೇ ಮೊದಲು ಮಾತನಾಡಿಸೋಣ. ಇಲ್ಲದಿದ್ದರೆ ದೀಪ ಆರಿಸಿ ಮಲಗೋಣ.