ಏಳೇ ತಿಂಗಳ ಮಂತ್ರಿಗಿರಿ

ಇಟಲಿಯ ರಾಜಕಾರಣವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮುಸೊಲಿನಿ, ಬಿಟ್ಟರೆ ಬೆರ್ಲುಸ್ಕೋನಿ. ಜಾಕೊಮೊ ಬ್ರೊದೊಲಿನಿ ಎಂಬ ಹೆಸರು ಇಟಲಿಯ ಎಳೆಯರಿಗೂ ಈಗ ಅಷ್ಟು ಪರಿಚಿತವಲ್ಲ. ಅವರು ಕಾರ್ಮಿಕ ಸಚಿವರಾಗಿದ್ದದ್ದು 1968ರ ಡಿಸೆಂಬರ್‌ನಿಂದ 1969ರ ಜುಲೈವರೆಗೆ, ಏಳೇ ತಿಂಗಳು. ಸಮಾಜವಾದಿಗಳು ತಮ್ಮ ಸೈದ್ಧಾಂತಿಕ ಎದುರಾಳಿಗಳ ಜೊತೆ ಸೇರಿ ಸರ್ಕಾರ ಮಾಡಬಹುದೇ ಎಂಬ ಹಳೆಯ ಜಗಳಕ್ಕೆ ಆ ಏಳು ತಿಂಗಳುಗಳಷ್ಟು ಗಟ್ಟಿ ಉತ್ತರ ಬೇರೆಲ್ಲೂ ಸಿಗಲಾರದು.

ಬ್ರೊದೊಲಿನಿ ಹುಟ್ಟಿದ್ದು 1920ರಲ್ಲಿ, ಕವಿ ಲೆಯೊಪಾರ್ದಿಯ ಊರಾದ ರೆಕನಾತಿಯಲ್ಲಿ. ಸಮಾಜವಾದಿ ಪಕ್ಷ ಸೇರಿದ ಮೇಲೆ ಅವರು ಪಳಗಿದ್ದು ಕಟ್ಟಡ ಕಾರ್ಮಿಕರ ಸಂಘದಲ್ಲಿ. ಅಲ್ಲಿಂದ ದೇಶದ ಅತಿ ದೊಡ್ಡ ಕಾರ್ಮಿಕ ಒಕ್ಕೂಟ ಸಿಜಿಐಎಲ್‌ನಲ್ಲಿ ಅದರ ನಾಯಕ ಜುಸೆಪ್ಪೆ ದಿ ವಿತ್ತೋರಿಯೊ ಅವರ ಜೊತೆಗಾರರಾದರು. 1956ರಲ್ಲಿ ಸೋವಿಯತ್ ಸೇನೆ ಹಂಗೇರಿಗೆ ನುಗ್ಗಿದಾಗ ಅದನ್ನು ಖಂಡಿಸಿದ ಒಕ್ಕೂಟದ ಹೇಳಿಕೆಯ ಕರಡು ಅವರದೇ. ಕಮ್ಯುನಿಸ್ಟರೇ ಬಹುಸಂಖ್ಯಾತರಾಗಿದ್ದ ಸಂಘಟನೆಯಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕಿತ್ತು.

1963ರಲ್ಲಿ ಪಿಯೆತ್ರೊ ನೆನ್ನಿ ನಾಯಕತ್ವದ ಸಮಾಜವಾದಿಗಳು ಕ್ರೈಸ್ತ ಪ್ರಜಾಸತ್ತಾತ್ಮಕ ಪಕ್ಷದ ಜೊತೆ ಸರ್ಕಾರ ಸೇರಿದರು. ಸಿಟ್ಟಿಗೆದ್ದ ಎಡಗುಂಪು ಮರುವರ್ಷವೇ ಪಕ್ಷ ಒಡೆದು ಹೊರನಡೆಯಿತು. ಕುರ್ಚಿಗಾಗಿ ತತ್ವ ಮಾರಿಕೊಂಡರು ಎಂಬ ಆ ಗುಂಪಿನ ಆಪಾದನೆ ಪೂರ್ತಿ ಸುಳ್ಳೂ ಆಗಿರಲಿಲ್ಲ. ಹೇಳಿಕೊಂಡ ಸುಧಾರಣೆಗಳಲ್ಲಿ ಅರ್ಧಕ್ಕರ್ಧ ಕಡತದಲ್ಲೇ ಕೊಳೆಯುತ್ತಿದ್ದವು. ಬ್ರೊದೊಲಿನಿ ಮಂತ್ರಿಯಾದದ್ದು ಇಂಥ ಹೊತ್ತಿನಲ್ಲಿ.

ಅವರು ಪ್ರಮಾಣವಚನ ಸ್ವೀಕರಿಸುವ ಹತ್ತು ದಿನ ಮೊದಲು, ಡಿಸೆಂಬರ್ 2ರಂದು, ಸಿಸಿಲಿಯ ಅವೊಲಾದಲ್ಲಿ ಮುಷ್ಕರ ಹೂಡಿದ್ದ ಕೃಷಿ ಕೂಲಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ ಇಬ್ಬರನ್ನು ಕೊಂದಿದ್ದರು. ಕೂಲಿಕಾರರು ಕೇಳಿದ್ದು ಕೂಲಿ ಏರಿಕೆ, ಜೊತೆಗೆ ಒಂದೇ ಜಿಲ್ಲೆಯ ಎರಡು ಭಾಗಗಳಲ್ಲಿ ಎರಡು ಬಗೆಯಿದ್ದ ಕೂಲಿಯ ರದ್ದತಿ. ಹೊಸ ಮಂತ್ರಿ ವರ್ಷದ ಕೊನೆಯ ರಾತ್ರಿಯನ್ನು ಕಳೆದದ್ದು ರೋಮ್‌ನ ವಿಯಾ ವೆನೆತೊ ರಸ್ತೆಯಲ್ಲಿ ಪ್ರತಿಭಟನೆಗೆ ಡೇರೆ ಹಾಕಿದ್ದ ಅಪೊಲೊನ್ ಮುದ್ರಣಾಲಯದ ಕಾರ್ಮಿಕರ ನಡುವೆ. ಜನವರಿಯಲ್ಲಿ ಅವೊಲಾಕ್ಕೇ ಹೋದರು. ಮಂತ್ರಿಯಾಗಿ ತಾನು ನಿಲ್ಲುವುದು ಒಂದೇ ಪಕ್ಕದಲ್ಲಿ, ದುಡಿಯುವವರ ಪಕ್ಕದಲ್ಲಿ ಎಂಬುದು ಅವರ ನಿಲುವು.

ಹೀಗೆ ಹೇಳಿ ಫೋಟೊ ತೆಗೆಸಿಕೊಂಡು ಬರುವ ಮಂತ್ರಿಗಳಿಗೇನೂ ಕೊರತೆಯಿಲ್ಲ. ಬ್ರೊದೊಲಿನಿಯವರದು ಕೆಲಸದಲ್ಲಿ ಕಂಡಿತು. ಇಟಲಿಯನ್ನು ವಲಯಗಳಾಗಿ ವಿಂಗಡಿಸಿ ಒಂದೇ ದುಡಿಮೆಗೆ ಮಿಲಾನ್‌ನಲ್ಲೊಂದು, ದಕ್ಷಿಣದಲ್ಲೊಂದು ಸಂಬಳ ಕೊಡುತ್ತಿದ್ದ ಪದ್ಧತಿಯನ್ನು ತೆಗೆಯುವ ಒಪ್ಪಂದ 1969ರ ಮಾರ್ಚ್‌ನಲ್ಲಿ ಕೈಗಾರಿಕೋದ್ಯಮಿಗಳ ಒಕ್ಕೂಟಕ್ಕೂ ಕಾರ್ಮಿಕ ಸಂಘಗಳಿಗೂ ಆಯಿತು. ಏಪ್ರಿಲ್‌ನಲ್ಲಿ ಪಿಂಚಣಿ ಕಾನೂನು ಬಂತು. ಪಿಂಚಣಿ ಕೊನೆಯ ವರ್ಷಗಳ ಸಂಬಳಕ್ಕೆ ಹೊಂದಿಕೊಂಡಿತು. 65 ದಾಟಿದ, ಬೇರೆ ಆದಾಯವಿಲ್ಲದ ಬಡವರಿಗೆ ಸಾಮಾಜಿಕ ಪಿಂಚಣಿ ದಕ್ಕಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಕಾರ್ಮಿಕರ ಹಕ್ಕುಗಳ ಶಾಸನ. 1952ರಲ್ಲಿಯೇ ದಿ ವಿತ್ತೋರಿಯೊ ಇಂಥ ಕಾನೂನಿಗಾಗಿ ಕೂಗೆಬ್ಬಿಸಿದ್ದರು. ಸಂವಿಧಾನ ಕಾರ್ಖಾನೆಯ ಗೇಟಿನ ಹೊರಗೇ ನಿಂತುಬಿಡುತ್ತದೆ ಎಂಬುದು ಅಂದಿನ ಕಾರ್ಮಿಕರ ದೂರು. ಬ್ರೊದೊಲಿನಿ ಕರಡು ಸಿದ್ಧಪಡಿಸುವ ಸಮಿತಿಯನ್ನು ಕಾರ್ಮಿಕ ಕಾನೂನಿನ ಪ್ರಾಧ್ಯಾಪಕ ಜೀನೊ ಜೂನ್ಯಿ ಕೈಗೆ ಕೊಟ್ಟರು. ಅಷ್ಟು ಹೊತ್ತಿಗೆ ಕ್ಯಾನ್ಸರ್ ಮಂತ್ರಿಯ ಮೈಯನ್ನು ಹಿಂಡುತ್ತಿತ್ತು. ತಮಗೆ ಹೆಚ್ಚು ದಿನವಿಲ್ಲವೆಂದು ಅವರಿಗೆ ಗೊತ್ತಿತ್ತು. ಜೂನ್ 20ರಂದು ಮಸೂದೆಗೆ ಸಂಪುಟ ಒಪ್ಪಿತು. ಜುಲೈ 5ರಂದು ಸಮಾಜವಾದಿಗಳು ಮತ್ತೆ ಒಡೆದು ಸರ್ಕಾರ ರಾಜೀನಾಮೆ ಕೊಟ್ಟಿತು. ಜುಲೈ 11ರಂದು, ನಲವತ್ತೊಂಬತ್ತು ತುಂಬಲು ಎಂಟು ದಿನವಿರುವಾಗ, ಬ್ರೊದೊಲಿನಿ ಜೂರಿಕ್‌ನಲ್ಲಿ ತೀರಿಕೊಂಡರು.

ಕಾನೂನಿಗೆ ಅಂಕಿತ ಬಿದ್ದದ್ದು 1970ರ ಮೇ 20ರಂದು, ಕ್ರೈಸ್ತ ಪ್ರಜಾಸತ್ತಾತ್ಮಕ ಪಕ್ಷದ ಕಾರ್ಲೊ ದೊನಾತ್ ಕತ್ತಿನ್ ಸಚಿವರಾಗಿದ್ದಾಗ. ಅದು ಹೇಳಿದ್ದಿಷ್ಟು: ಕೆಲಸಗಾರನ ಮೇಲೆ ಕ್ಯಾಮೆರಾ ಕಣ್ಣಿಡುವಂತಿಲ್ಲ. ಕೆಲಸ ಕೊಡುವಾಗ ಅವನ ರಾಜಕೀಯ, ಧರ್ಮ ಕೆದಕುವಂತಿಲ್ಲ. ಹದಿನೈದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಅನ್ಯಾಯವಾಗಿ ಕೆಲಸದಿಂದ ತೆಗೆದರೆ ವಾಪಸ್ ತೆಗೆದುಕೊಳ್ಳಲೇಬೇಕು. ಕೊನೆಯ ಮತದಾನದಲ್ಲಿ ಕಮ್ಯುನಿಸ್ಟರು ತಟಸ್ಥರಾದರು. ಮಸೂದೆಗೆ ಅವರ ಮಟ್ಟಿಗೆ ಬಲ ಸಾಲದಾಗಿತ್ತು. ಮುಂದೆ ಅದೇ ಕಾನೂನನ್ನು ಉಳಿಸಲು ಬೀದಿಗಿಳಿದವರಲ್ಲಿ ಅವರ ವಾರಸುದಾರರೇ ಮುಂದಿದ್ದರು.

ಬ್ರೊದೊಲಿನಿ ಮಾಡಿದ್ದೆಲ್ಲ ಕುಂದಿಲ್ಲದ್ದೆಂದು ನಾನು ಹೇಳುವುದಿಲ್ಲ. ಉದಾರವಾದ ಪಿಂಚಣಿ ಖಜಾನೆಗೆ ಭಾರವಾಗಿ 1995ರಲ್ಲಿ ಲೆಕ್ಕಾಚಾರದ ತಳಪಾಯವನ್ನೇ ಬದಲಿಸಬೇಕಾಯಿತು. ದೇಶಕ್ಕೆಲ್ಲ ಒಂದೇ ಸಂಬಳ ಎಂದದ್ದರಿಂದ ದಕ್ಷಿಣಕ್ಕೆ ಉದ್ಯಮ ಬರಲಿಲ್ಲವೆಂದು ವಾದಿಸುವ ಅರ್ಥಶಾಸ್ತ್ರಜ್ಞರು ಇಂದಿಗೂ ಇದ್ದಾರೆ. ಕೆಲಸಕ್ಕೆ ಮರಳಿಸುವ ಹಕ್ಕು 2012ರಲ್ಲಿ, ಮತ್ತೆ 2015ರಲ್ಲಿ ಸೊರಗಿತು. 2015ರ ಬದಲಾವಣೆಯನ್ನು ರದ್ದುಮಾಡಲು 2025ರ ಜೂನ್‌ನಲ್ಲಿ ನಡೆದ ಜನಮತಗಣನೆಗೆ ಬಂದವರು ಶೇ 30ರಷ್ಟು ಮತದಾರರು ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ಬರಬೇಕೆಂಬ ನಿಯಮದಿಂದ ಅದು ಬಿದ್ದುಹೋಯಿತು.

ಬ್ರೊದೊಲಿನಿಯ ಪಕ್ಷವಂತೂ ಲಂಚದ ಹಗರಣಗಳಲ್ಲಿ ಮುಳುಗಿ 1994ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮೊದಲು ಅದರಿಂದ ಎಷ್ಟೋ ಮಂದಿ ಮಂತ್ರಿಗಳಾದರು, ಪ್ರಧಾನಿಯಾಗಿ ಬೆತ್ತಿನೊ ಕ್ರಾಕ್ಸಿ ಮೂರೂವರೆ ವರ್ಷ ಆಳಿದರು. ಅಧಿಕಾರ ಎಲ್ಲರಿಗೂ ಸಿಕ್ಕಿತ್ತು. ಬ್ರೊದೊಲಿನಿ ಮಾತ್ರ ಮಾಡಬೇಕಾದ ಕೆಲಸದ ಪಟ್ಟಿಯನ್ನು ವರ್ಷಗಟ್ಟಲೆ ಸಂಘದಲ್ಲಿ ಬರೆದಿಟ್ಟುಕೊಂಡೇ ಸಚಿವಾಲಯದ ಮೆಟ್ಟಿಲು ಹತ್ತಿದ್ದರು.

ಆದ್ದರಿಂದ ಮೈತ್ರಿ ಸರ್ಕಾರ ಸೇರುವ ಪಕ್ಷಕ್ಕೆ ಕೇಳಬೇಕಾದ್ದು ಯಾರ ಪಕ್ಕ ಕೂರುತ್ತೀರಿ ಎಂಬುದಕ್ಕಿಂತ ಮೊದಲು ಇನ್ನೊಂದಿದೆ: ಮೊದಲ ಆರು ತಿಂಗಳಲ್ಲಿ ಯಾವ ಕಾನೂನು ತರುತ್ತೀರಿ? ಉತ್ತರ ತಡವರಿಸಿದರೆ, ಅದು ಕುರ್ಚಿಯ ಮೈತ್ರಿ ಎಂದು ಧಾರಾಳವಾಗಿ ತಿಳಿಯಬಹುದು.